ಭಯಾನಕ ಮತ್ತು ಸಸ್ಪೆನ್ಸ್ ಚಿತ್ರಗಳು: ಪ್ರೇಕ್ಷಕನೂ ಪಾಲುದಾರನಾಗುವ ಭಯ

ಭಯಾನಕ ಚಿತ್ರ ಎಂದರೇನು

ಪ್ರೇಕ್ಷಕರಲ್ಲಿ ಭಯ ಹುಟ್ಟಿಸುವುದನ್ನೇ ಪ್ರಧಾನ ಉದ್ದೇಶವಾಗಿಟ್ಟುಕೊಂಡ ಚಲನಚಿತ್ರವನ್ನು ಭಯಾನಕ ಚಿತ್ರ ಅಥವಾ ಹಾರರ್ ಚಿತ್ರ ಎಂದು ಕರೆಯುತ್ತಾರೆ. ಮುಂದೆ ಏನಾಗುವುದೋ ಎಂಬ ಆತಂಕದಲ್ಲಿ ಪ್ರೇಕ್ಷಕರನ್ನು ಕಾಯಿಸುತ್ತ ಕಥೆ ನಡೆಸುವ ಚಿತ್ರ ಸಸ್ಪೆನ್ಸ್ ಚಿತ್ರ. ದೆವ್ವ, ಪಿಶಾಚಿ, ವಿಕಾರ ಜೀವಿಗಳಿದ್ದರೆ ಹಾರರ್, ಕೊಲೆ ಮತ್ತು ವಂಚನೆಗಳಿದ್ದರೆ ಸಸ್ಪೆನ್ಸ್ ಎಂಬ ವಿಂಗಡಣೆ ರೂಢಿಯಲ್ಲಿದೆ. ಉತ್ತಮ ಚಿತ್ರಗಳು ಈ ಗೆರೆಯೊಳಗೆ ನಿಲ್ಲುವುದಿಲ್ಲ. 1960ರ ‘ಸೈಕೋ’ದಲ್ಲಿ ಒಂದು ದೆವ್ವವೂ ಇಲ್ಲ, ಆದರೂ ಭಯಾನಕ ಚಿತ್ರಗಳ ಯಾವ ಚರ್ಚೆಯೂ ಅದನ್ನು ಬಿಟ್ಟು ಪೂರ್ಣವಾಗದು.

ಇದಕ್ಕಿಂತ ಹೆಚ್ಚು ಉಪಯುಕ್ತವಾದ ವಿಂಗಡಣೆ ಭರತನ ನಾಟ್ಯಶಾಸ್ತ್ರದಲ್ಲಿದೆ. ಅಲ್ಲಿ ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು, ಬೀಭತ್ಸವೂ ಒಂದು. ಭಯಾನಕದ ಸ್ಥಾಯಿಭಾವ ಭಯ, ಬೀಭತ್ಸದ್ದು ಜುಗುಪ್ಸೆ. ಕತ್ತರಿಸಿದ ಅಂಗಾಂಗ, ಹರಿಯುವ ರಕ್ತ, ಕೊಳೆತ ಶವಗಳನ್ನು ತೋರಿಸಿ ಪ್ರೇಕ್ಷಕರು ಮುಖ ತಿರುಗಿಸುವಂತೆ ಮಾಡುವ ಚಿತ್ರಗಳು ಬಹುಪಾಲು ಬೀಭತ್ಸದ ಕಡೆಗೆ ಸೇರುತ್ತವೆ. ಹೇಸಿಗೆ ಮತ್ತು ಹೆದರಿಕೆ ಒಟ್ಟಿಗೆ ಬರಬಹುದು, ಆದರೆ ಅವು ಒಂದೇ ಅಲ್ಲ.

ನಾಟ್ಯಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಭಯಾನಕವನ್ನು ಮೂರು ಬಗೆಯಾಗಿ ವಿಭಾಗಿಸುತ್ತದೆ. ನಟಿಸಿದ ಅಥವಾ ಕಪಟದ ಭಯ ಮೊದಲನೆಯದು. ಅಪರಾಧದಿಂದ ಹುಟ್ಟುವ ಭಯ ಎರಡನೆಯದು. ಬೆದರಿಕೆಯಿಂದ ಹುಟ್ಟುವ ಭಯ ಮೂರನೆಯದು. ಸಿನಿಮಾ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಬರೆದಿಟ್ಟ ಈ ಮಾತು ಇಂದಿನ ಚಿತ್ರಗಳಿಗೂ ಆಶ್ಚರ್ಯವಾಗುವಷ್ಟು ಸರಿಹೊಂದುತ್ತದೆ. ಮುಖವಾಡ ತೊಟ್ಟವನು ಚಾಕು ಹಿಡಿದು ಬೆನ್ನಟ್ಟುವುದು ಮೂರನೆಯ ಬಗೆ. ಆ ಭಯ ತೀವ್ರವಾಗಿರುತ್ತದೆ, ಆದರೆ ಬೆನ್ನಟ್ಟುವುದು ಮುಗಿದೊಡನೆ ಇಳಿಯುತ್ತದೆ. ಎರಡನೆಯ ಬಗೆಯದು ಹಾಗಲ್ಲ. ತಪ್ಪು ಮಾಡಿದವನ ಭಯಕ್ಕೆ ಹೊರಗಿನ ಶತ್ರು ಬೇಕಾಗಿಲ್ಲ. ಅದು ಮನಸ್ಸಿನೊಳಗೇ ಇರುತ್ತದೆ. ಅತ್ಯಂತ ಭಯಂಕರವೆಂದು ಈ ಲೇಖನ ಆರಿಸಿಕೊಂಡಿರುವ ಚಿತ್ರಗಳಲ್ಲೆಲ್ಲ ಈ ಅಪರಾಧದ ಭಯವಿದೆ. ಅವುಗಳಲ್ಲಿ ಅತ್ಯುತ್ತಮವಾದವು ಆ ಅಪರಾಧದಲ್ಲಿ ಪ್ರೇಕ್ಷಕರನ್ನೂ ಪಾಲುದಾರರನ್ನಾಗಿ ಮಾಡುತ್ತವೆ.

ದೇಹದಲ್ಲಿ ನಡೆಯುವುದು

ಅಪಾಯದ ಸೂಚನೆ ಕಂಡಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗ ಚುರುಕಾಗುತ್ತದೆ. ನರವಿಜ್ಞಾನಿ ಜೋಸೆಫ್ ಲೆಡೂ ಅವರ ಸಂಶೋಧನೆಯ ಪ್ರಕಾರ ಸೂಚನೆ ಅಲ್ಲಿಗೆ ಎರಡು ಮಾರ್ಗಗಳಲ್ಲಿ ತಲುಪುತ್ತದೆ. ಒಂದು ಅತಿ ವೇಗದ ಅಡ್ಡಹಾದಿ. ಇನ್ನೊಂದು ಮಿದುಳಿನ ಹೊರಪದರದ ಮೂಲಕ ಸಾಗುವ, ನಿಧಾನವಾದರೂ ವಿವರಪೂರ್ಣವಾದ ಹಾದಿ. ಹಗ್ಗವನ್ನು ಹಾವೆಂದು ತಿಳಿದು ಕಾಲು ಹಿಂದೆಗೆಯುವುದು ಮೊದಲ ಹಾದಿಯ ಕೆಲಸ, ಅದು ಹಗ್ಗವೆಂದು ಗುರುತಿಸಿ ಸಮಾಧಾನಗೊಳ್ಳುವುದು ಎರಡನೆಯದರ ಕೆಲಸ. ಈ ನಡುವೆ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ರೋಮ ನಿಲ್ಲುತ್ತದೆ. ನಾಟ್ಯಶಾಸ್ತ್ರ ಭಯಾನಕದ ಅನುಭಾವಗಳೆಂದು ಹೇಳುವ ಕೈಕಾಲಿನ ನಡುಕ, ರೋಮಾಂಚ, ಮುಖ ಬಿಳಿಚುವುದು, ಸ್ವರ ಕೆಡುವುದು ಇವೆಲ್ಲ ಇದೇ ದೈಹಿಕ ಪ್ರಕ್ರಿಯೆಯ ಹೊರಲಕ್ಷಣಗಳು.

ಹಠಾತ್ ಸದ್ದಿಗೆ ಬೆಚ್ಚಿಬೀಳುವುದು ಒಂದು ಪ್ರತಿವರ್ತನೆ ಮಾತ್ರ. ಅದನ್ನು ಹುಟ್ಟಿಸಲು ಕಲೆ ಬೇಕಾಗಿಲ್ಲ. ಬಾಗಿಲು ಧಡಾರನೆ ಬಡಿದುಕೊಂಡರೂ ಸಾಕು. ಭಯಾನಕ ಚಿತ್ರದ ನಿಜವಾದ ಕೆಲಸ ಆ ಬೆಚ್ಚುವಿಕೆಗೆ ಮೊದಲಿನ ಕಾಲಾವಧಿಯಲ್ಲಿ ನಡೆಯುತ್ತದೆ.

ಅಚ್ಚರಿ ಮತ್ತು ಆತಂಕ

ಈ ಕಾಲಾವಧಿಯನ್ನು ಅತ್ಯಂತ ಸ್ಪಷ್ಟವಾಗಿ ವಿವರಿಸಿದವರು ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೊ ಅವರೊಂದಿಗೆ ನಡೆಸಿದ ದೀರ್ಘ ಸಂಭಾಷಣೆಯಲ್ಲಿ ಅವರು ಒಂದು ಉದಾಹರಣೆ ಕೊಟ್ಟರು. ಮೇಜಿನ ಸುತ್ತ ಕುಳಿತ ಜನ ಮಾತನಾಡುತ್ತಿದ್ದಾರೆ. ಮೇಜಿನ ಕೆಳಗೆ ಬಾಂಬಿದೆ. ಅದು ಇರುವುದು ಪ್ರೇಕ್ಷಕರಿಗೆ ಗೊತ್ತಿಲ್ಲದಿದ್ದರೆ ಸ್ಫೋಟವಾದಾಗ ಹದಿನೈದು ಸೆಕೆಂಡುಗಳ ಅಚ್ಚರಿ ಸಿಗುತ್ತದೆ. ಬಾಂಬಿರುವುದೂ, ಅದು ಸಿಡಿಯುವ ಹೊತ್ತೂ ಪ್ರೇಕ್ಷಕರಿಗೆ ತಿಳಿದಿದ್ದು, ಪಾತ್ರಗಳಿಗೆ ಮಾತ್ರ ತಿಳಿಯದಿದ್ದರೆ ಅದೇ ದೃಶ್ಯ ಹದಿನೈದು ನಿಮಿಷಗಳ ಆತಂಕವನ್ನು ಕೊಡುತ್ತದೆ.

ಈ ಉದಾಹರಣೆಯನ್ನು ಸಾಮಾನ್ಯವಾಗಿ ಮಾಹಿತಿಯನ್ನು ಹಂಚುವ ತಂತ್ರವೆಂದು ಮಾತ್ರ ಓದುತ್ತಾರೆ. ಅದರಲ್ಲಿ ಇನ್ನೊಂದು ಅಂಶವೂ ಅಡಗಿದೆ. ಬಾಂಬಿರುವುದು ಗೊತ್ತಿದ್ದೂ ಎಚ್ಚರಿಸಲಾಗದೆ ಕುಳಿತ ಪ್ರೇಕ್ಷಕ ಆ ಘಟನೆಗೆ ಮೂಕಸಾಕ್ಷಿಯಾಗುತ್ತಾನೆ. ತಿಳಿದವನ ಮೇಲೆ ಬೀಳುವ ಹೊಣೆಯೇ ಅವನ ಎದೆಯನ್ನು ಭಾರಗೊಳಿಸುತ್ತದೆ.

ಶುದ್ಧ ಆತಂಕದ ಮಾದರಿಯಾಗಿ 1953ರ ಫ್ರೆಂಚ್ ಚಿತ್ರ ‘ದಿ ವೇಜಸ್ ಆಫ್ ಫಿಯರ್’ ಅನ್ನು ಹೆಸರಿಸಬೇಕು. ದಕ್ಷಿಣ ಅಮೆರಿಕದ ಒಂದು ಊರಿನಿಂದ ನಾಲ್ವರು ಎರಡು ಲಾರಿಗಳಲ್ಲಿ ನೈಟ್ರೋಗ್ಲಿಸರಿನ್ ತುಂಬಿಕೊಂಡು, ಉರಿಯುತ್ತಿರುವ ತೈಲಬಾವಿಯ ಕಡೆಗೆ ಕೆಟ್ಟ ರಸ್ತೆಯಲ್ಲಿ ಹೊರಡುತ್ತಾರೆ. ಒಂದು ಗುಂಡಿ, ಒಂದು ಕುಲುಕಾಟ ಸಾಕು, ಎಲ್ಲವೂ ಮುಗಿದಂತೆ. ಆಂರಿ-ಜಾರ್ಜ್ ಕ್ಲೂಜೊ ನಿರ್ದೇಶಿಸಿದ ಈ ಚಿತ್ರ ಅದೇ ವರ್ಷ ಕಾನ್ ಮತ್ತು ಬರ್ಲಿನ್ ಎರಡೂ ಉತ್ಸವಗಳಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು.

ಮರೆಯಲ್ಲಿಡುವ ಕಲೆ

ಕಾಣದಿರುವುದು ಕಂಡದ್ದಕ್ಕಿಂತ ಹೆಚ್ಚು ಹೆದರಿಸುತ್ತದೆ ಎಂಬ ಸೂತ್ರವನ್ನು ಹಾಲಿವುಡ್‌ನಲ್ಲಿ ಒಂದು ಪದ್ಧತಿಯಾಗಿ ರೂಪಿಸಿದವರು ನಿರ್ಮಾಪಕ ವಾಲ್ ಲ್ಯೂಟನ್. ಆರ್‌ಕೆಓ ಸಂಸ್ಥೆಗಾಗಿ ಕಡಿಮೆ ವೆಚ್ಚದ ಭಯಾನಕ ಚಿತ್ರಗಳನ್ನು ನಿರ್ಮಿಸುವ ಹೊಣೆ ಅವರದಾಗಿತ್ತು. ವಿಕಾರ ಜೀವಿಗಳನ್ನು ತಯಾರಿಸಲು ಹಣವಿರಲಿಲ್ಲ, ನೆರಳನ್ನೇ ಬಳಸಿದರು. 1942ರ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ಒಬ್ಬ ಹೆಂಗಸು ರಾತ್ರಿ ಉದ್ಯಾನದ ಗೋಡೆಯ ಪಕ್ಕದಲ್ಲಿ ನಡೆದು ಹೋಗುತ್ತಾಳೆ. ಹಿಂದೆ ಇನ್ನೊಬ್ಬಳ ಹೆಜ್ಜೆಯ ಸದ್ದು ಕೇಳಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಆ ಸದ್ದು ನಿಲ್ಲುತ್ತದೆ. ಮೃಗವೊಂದು ಮೇಲೆರಗುವ ಕ್ಷಣಕ್ಕಾಗಿ ಪ್ರೇಕ್ಷಕರು ಕಾಯುತ್ತಿರುವಾಗ ಭುಸ್ಸೆಂಬ ಸದ್ದಿನೊಡನೆ ತೆರೆಯೊಳಗೆ ನುಗ್ಗುವುದು ಒಂದು ಬಸ್ಸು. ಆ ಬಳಿಕ ಇಂಥ ಹುಸಿ ಆಘಾತಕ್ಕೆ ಚಿತ್ರರಂಗದಲ್ಲಿ ‘ಲ್ಯೂಟನ್ ಬಸ್’ ಎಂಬ ಹೆಸರೇ ನಿಂತಿತು.

ಲ್ಯೂಟನ್ ಅವರ ಬಳಿ ನಿರ್ದೇಶನ ಆರಂಭಿಸಿದ ರಾಬರ್ಟ್ ವೈಸ್ 1963ರಲ್ಲಿ ‘ದಿ ಹಾಂಟಿಂಗ್’ ತೆಗೆದರು. ಶರ್ಲಿ ಜಾಕ್ಸನ್ ಅವರ 1959ರ ಕಾದಂಬರಿ ಅದಕ್ಕೆ ಆಧಾರ. ದೆವ್ವದ ಮನೆಯ ಚಿತ್ರಗಳಲ್ಲಿ ಈ ಲೇಖನದ ಮೊದಲ ಆಯ್ಕೆ ಇದೇ. ಇಡೀ ಚಿತ್ರದಲ್ಲಿ ಒಂದು ದೆವ್ವವೂ ಕಾಣಿಸಿಕೊಳ್ಳುವುದಿಲ್ಲ. ಗೋಡೆಯ ಆಚೆ ಬಡಿತದ ಸದ್ದು ಹತ್ತಿರವಾಗುತ್ತ ಬರುತ್ತದೆ. ಮುಚ್ಚಿದ ಮರದ ಬಾಗಿಲು ಯಾರೋ ಆಚೆಯಿಂದ ಒತ್ತಿದಂತೆ ಒಳಕ್ಕೆ ಉಬ್ಬುತ್ತದೆ. ಕಥಾನಾಯಕಿ ಎಲಿನರ್ ವರ್ಷಗಟ್ಟಲೆ ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡಿದವಳು. ತಾಯಿ ಸತ್ತ ರಾತ್ರಿ ಗೋಡೆ ಬಡಿದು ಕರೆದಿದ್ದಳು, ಎಲಿನರ್ ಹೋಗಿರಲಿಲ್ಲ. ಈ ವಿವರ ತಿಳಿದ ಮೇಲೆ ಆ ಮನೆಯ ಗೋಡೆಗಳ ಬಡಿತಕ್ಕೆ ಬೇರೆಯೇ ಅರ್ಥ ಬರುತ್ತದೆ. ಬಡಿಯುತ್ತಿರುವುದು ದೆವ್ವವೋ ಅವಳ ಮನಸ್ಸಾಕ್ಷಿಯೋ ಎಂಬುದನ್ನು ಚಿತ್ರ ಕೊನೆಯವರೆಗೂ ಇತ್ಯರ್ಥಗೊಳಿಸುವುದಿಲ್ಲ. ಅದೇ ಅದರ ಶಕ್ತಿ.

ಮರೆಯಲ್ಲಿಡುವ ಈ ಕಲೆ ಕನ್ನಡಿಗರಿಗೆ ಹೊಸದಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮುನ್ನವೇ ಅದರ ಅಬ್ಬರ ಕೇಳಿಸುತ್ತದೆ. ಹಿಡಿದ ತೆರೆಯ ಹಿಂದಿನಿಂದ ಕಿರೀಟವಷ್ಟೇ, ಕೈಯಷ್ಟೇ ಕಂಡು ಮಾಯವಾಗಿ, ಕೊನೆಗೆ ರಕ್ಕಸನ ಪೂರ್ಣ ರೂಪ ಪ್ರಕಟವಾಗುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಹಿರಿಯರ ಮಡಿಲು ಸೇರಿರುತ್ತಾರೆ.

1975ರ ‘ಜಾಸ್’ ಚಿತ್ರದಲ್ಲಿ ಈ ಕಲೆ ಅನಿವಾರ್ಯತೆಯಿಂದ ಬಂತು. ಸ್ಟೀವನ್ ಸ್ಪೀಲ್‌ಬರ್ಗ್ ಮಾಡಿಸಿದ್ದ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇ ಪದೇ ಕೆಡುತ್ತಿತ್ತು. ಹೀಗಾಗಿ ನೀರಿನ ಮಟ್ಟದ ಕ್ಯಾಮೆರಾ, ತೇಲುವ ಹಳದಿ ಪೀಪಾಯಿಗಳು ಮತ್ತು ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳ ಸಂಗೀತವೇ ಶಾರ್ಕ್‌ನ ಪಾತ್ರವನ್ನು ನಿರ್ವಹಿಸಬೇಕಾಯಿತು. ಚಿತ್ರ ಆರಂಭವಾಗಿ ಒಂದು ತಾಸಿಗೂ ಹೆಚ್ಚು ಹೊತ್ತು ಅದರ ಪೂರ್ಣ ದರ್ಶನವಾಗುವುದಿಲ್ಲ. ಜಾಸ್‌ನ ಅತ್ಯಂತ ಕಠೋರವಾದ ದೃಶ್ಯದಲ್ಲಿ ಶಾರ್ಕೇ ಇಲ್ಲ. ಅಪಾಯ ಗೊತ್ತಿದ್ದೂ, ಪ್ರವಾಸಿಗರ ಹಣಕ್ಕಾಗಿ ಕಡಲತೀರವನ್ನು ಮುಚ್ಚಗೊಡದ ಊರಿನಲ್ಲಿ ಒಬ್ಬ ಬಾಲಕ ಸಾಯುತ್ತಾನೆ. ಅವನ ತಾಯಿ ಬಂದು ಪೊಲೀಸ್ ಅಧಿಕಾರಿ ಬ್ರಾಡಿಯ ಕೆನ್ನೆಗೆ ಹೊಡೆಯುತ್ತಾಳೆ. ತೀರವನ್ನು ಮುಚ್ಚಬೇಕೆಂದು ಮೊದಲು ಬಯಸಿದವನು ಅವನೇ. ಆದರೂ ಅವನು ಪ್ರತಿಯಾಗಿ ಏನೂ ಹೇಳುವುದಿಲ್ಲ.

ಕಿವಿಯ ಮೂಲಕ ಬರುವ ಭಯ

ಕಣ್ಣು ಮುಚ್ಚಬಹುದು, ಕಿವಿಗೆ ರೆಪ್ಪೆಯಿಲ್ಲ. ಭಯಾನಕ ಚಿತ್ರವನ್ನು ಧ್ವನಿ ತೆಗೆದು ನೋಡಿದರೆ ಅದರ ಬಲ ಕುಗ್ಗುವುದು ಯಾರಿಗಾದರೂ ಅನುಭವಕ್ಕೆ ಬರುವ ಸಂಗತಿ. ಸಂಕಟದಲ್ಲಿರುವ ಪ್ರಾಣಿಗಳ ಚೀತ್ಕಾರದಲ್ಲಿ ಒಡಕು, ಕರ್ಕಶತೆ ಮತ್ತು ಹಠಾತ್ ಸ್ವರಜಿಗಿತಗಳಿರುತ್ತವೆ. ಮಾರ್ಮೊಟ್ ಎಂಬ ಅಳಿಲಿನ ಜಾತಿಯ ಪ್ರಾಣಿಗಳನ್ನು ಅಭ್ಯಾಸ ಮಾಡುತ್ತಿದ್ದ ಜೀವವಿಜ್ಞಾನಿ ಡೇನಿಯಲ್ ಬ್ಲಮ್‌ಸ್ಟೀನ್ ಮತ್ತು ಸಂಗಡಿಗರು ಇದೇ ಗುಣಗಳು ಚಲನಚಿತ್ರಗಳ ಧ್ವನಿಪಥದಲ್ಲೂ ಇವೆಯೇ ಎಂದು ಪರೀಕ್ಷಿಸಿ, ಇವೆ ಎಂಬ ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಸಂಯೋಜಕರು ಪ್ರಾಣಿಶಾಸ್ತ್ರ ಓದಿದವರಲ್ಲ; ಆದರೂ ಚೀರುವ ಪಿಟೀಲಿನಲ್ಲಿ ಅವರು ಮುಟ್ಟಿದ್ದು ಬಹಳ ಹಳೆಯ ತಂತುವನ್ನೇ.

ಸಂಗೀತವೇ ಇಲ್ಲದಿರುವುದು ಇನ್ನೊಂದು ತಂತ್ರ. ಹಿಚ್‌ಕಾಕ್ ಅವರ 1963ರ ‘ದಿ ಬರ್ಡ್ಸ್’ ಚಿತ್ರಕ್ಕೆ ರೂಢಿಯ ಹಿನ್ನೆಲೆ ಸಂಗೀತವಿಲ್ಲ. ಓಸ್ಕರ್ ಸಾಲಾ ಎಂಬ ಜರ್ಮನ್ ವಾದಕರು ಟ್ರೌಟೋನಿಯಮ್ ಎಂಬ ವಿದ್ಯುತ್ ವಾದ್ಯದಿಂದ ಹೊರಡಿಸಿದ ಹಕ್ಕಿಗಳ ಸದ್ದೇ ಅಲ್ಲಿನ ಸಂಗೀತ. ಜಾನ್ ಕಾರ್ಪೆಂಟರ್ ತಮ್ಮ 1978ರ ‘ಹ್ಯಾಲೋವೀನ್’ ಚಿತ್ರಕ್ಕೆ ತಾವೇ ಸಂಗೀತ ರಚಿಸಿ, ಐದು ಮಾತ್ರೆಗಳ ತಾಳದಲ್ಲಿ ಒಂದು ಪಿಯಾನೋ ಧಾಟಿಯನ್ನು ನಿಲ್ಲಿಸದೆ ಓಡಿಸಿದರು. ನಾಲ್ಕರ ಲೆಕ್ಕಕ್ಕೆ ಒಗ್ಗಿದ ಕಿವಿಗೆ ಆ ಐದನೆಯ ಮಾತ್ರೆಯಲ್ಲಿ ನೆಲೆ ಸಿಗುವುದಿಲ್ಲ. ಬೆದರಿಕೆಯ ಭಯಕ್ಕೆ ಹ್ಯಾಲೋವೀನ್ ಶ್ರೇಷ್ಠ ಉದಾಹರಣೆ. ಅದರ ನಾಯಕಿ ಜೇಮಿ ಲೀ ಕರ್ಟಿಸ್, ಸೈಕೋ ಚಿತ್ರದ ಜ್ಯಾನೆಟ್ ಲೀ ಅವರ ಮಗಳು.

ಸೈಕೋ: ನಿಂತು ಮುಳುಗಿದ ಕಾರು

ರಾಬರ್ಟ್ ಬ್ಲಾಕ್ ಅವರ 1959ರ ಕಾದಂಬರಿಯನ್ನು ಆಧರಿಸಿ ಹಿಚ್‌ಕಾಕ್ ಸುಮಾರು 8 ಲಕ್ಷ ಡಾಲರ್ ವೆಚ್ಚದಲ್ಲಿ, ತಮ್ಮ ದೂರದರ್ಶನ ಸರಣಿಯ ತಂತ್ರಜ್ಞರನ್ನೇ ಬಹುವಾಗಿ ಬಳಸಿ, ಕಪ್ಪು-ಬಿಳುಪಿನಲ್ಲಿ ತೆಗೆದ ಚಿತ್ರ ಸೈಕೋ. ಸ್ನಾನದ ಮನೆಯ ಕೊಲೆಯೆಂದರೆ ಚಿತ್ರ ನೋಡದವರಿಗೂ ಗೊತ್ತು. ಮುಕ್ಕಾಲು ನಿಮಿಷದಷ್ಟು ಹೊತ್ತಿನ ಆ ಹಲ್ಲೆಯನ್ನು ಚಿತ್ರೀಕರಿಸಲು 1959ರ ಡಿಸೆಂಬರ್‌ನಲ್ಲಿ ಒಂದು ವಾರ ಹಿಡಿಯಿತು. 70ಕ್ಕೂ ಹೆಚ್ಚು ಕೋನಗಳಲ್ಲಿ ಕ್ಯಾಮೆರಾ ಇಡಲಾಯಿತು. ರಕ್ತಕ್ಕೆ ಬಳಸಿದ್ದು ಚಾಕೊಲೆಟ್ ಪಾಕ, ಇರಿತದ ಸದ್ದಿಗೆ ಬಳಸಿದ್ದು ಕರಬೂಜದ ಹಣ್ಣು. ಆ ದೃಶ್ಯಕ್ಕೆ ಸಂಗೀತವೇ ಬೇಡವೆಂಬುದು ಹಿಚ್‌ಕಾಕ್ ಅವರ ಮೊದಲ ಯೋಚನೆಯಾಗಿತ್ತು. ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನು ಮಾತ್ರ ಬಳಸಿ ರಚಿಸಿದ್ದನ್ನು ಕೇಳಿದ ಮೇಲೆ ಅವರು ಮನಸ್ಸು ಬದಲಿಸಿದರು.

ಈ ತಾಂತ್ರಿಕ ಸಾಧನೆ ದೊಡ್ಡದೇ. ಆದರೆ ಚಿತ್ರದ ಭಯ ಆ ಕೊಲೆಗಿಂತ ಬಹಳ ಮೊದಲೇ ಆರಂಭವಾಗಿರುತ್ತದೆ. ಮ್ಯಾರಿಯನ್ ಎಂಬ ಕಚೇರಿಯ ಗುಮಾಸ್ತೆ ಬ್ಯಾಂಕಿಗೆ ಕಟ್ಟಬೇಕಾದ 40,000 ಡಾಲರ್ ಹಣವನ್ನು ಎತ್ತಿಕೊಂಡು ಊರು ಬಿಡುತ್ತಾಳೆ. ರಸ್ತೆಬದಿಯಲ್ಲಿ ಕಾರಿನೊಳಗೆ ಮಲಗಿದವಳನ್ನು ಕಪ್ಪು ಕನ್ನಡಕದ ಪೊಲೀಸನೊಬ್ಬ ಎಬ್ಬಿಸುತ್ತಾನೆ. ಅವನು ಏನೂ ಮಾಡುವುದಿಲ್ಲ, ಸುಮ್ಮನೆ ನೋಡುತ್ತಾನೆ. ಅವಳು ಕಾರು ಬದಲಿಸುವಾಗಲೂ ರಸ್ತೆಯಾಚೆ ನಿಂತು ನೋಡುತ್ತಾನೆ. ಇರುಳಿನ ಮಳೆಯಲ್ಲಿ ಕಾರು ನಡೆಸುವಾಗ, ತನ್ನ ಕಳ್ಳತನ ಬಯಲಾದ ಮೇಲೆ ಜನ ಏನೇನು ಮಾತನಾಡುವರೆಂಬುದು ಅವಳ ಕಿವಿಯೊಳಗೆ ಕೇಳಿಸುತ್ತದೆ. ಭರತ ಹೇಳಿದ ಎರಡನೆಯ ಬಗೆಯ ಭಯಕ್ಕೆ ಸಿನಿಮಾದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಮುಖ್ಯವಾದ ವಿಷಯವೆಂದರೆ, ಈ ಹೊತ್ತಿಗೆ ಪ್ರೇಕ್ಷಕರು ಕಳ್ಳಿಯ ಪಕ್ಷದಲ್ಲಿರುತ್ತಾರೆ. ಅವಳು ಸಿಕ್ಕಿಬೀಳಬಾರದು ಎಂದು ಅವರೂ ಬಯಸುತ್ತಿರುತ್ತಾರೆ.

ಹಣವನ್ನು ಮರಳಿಸಲು ನಿರ್ಧರಿಸಿದ ಮೇಲೆ ಅವಳ ಕೊಲೆಯಾಗುತ್ತದೆ. ಚಿತ್ರದ ಅರ್ಧವೂ ಮುಗಿದಿಲ್ಲ, ಪ್ರಧಾನ ನಟಿಯೇ ಇಲ್ಲ. ಚಿತ್ರ ಆರಂಭವಾದ ಬಳಿಕ ಯಾರನ್ನೂ ಒಳಗೆ ಬಿಡಕೂಡದೆಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿದ್ದಕ್ಕೆ ಇದೂ ಕಾರಣ. ತಡವಾಗಿ ಬಂದವರು ಜ್ಯಾನೆಟ್ ಲೀ ಎಲ್ಲಿ ಎಂದು ಹುಡುಕುತ್ತ ಕೂರಬೇಕಾಗುತ್ತಿತ್ತು.

ಆಮೇಲಿನ ಭಾಗವೇ ಈ ಲೇಖನದ ದೃಷ್ಟಿಯಲ್ಲಿ ಸೈಕೋದ ನಿಜವಾದ ಸಾಧನೆ. ಮೋಟೆಲ್ ನಡೆಸುವ ನಾರ್ಮನ್ ಬೇಟ್ಸ್ ಸ್ನಾನದ ಮನೆಯನ್ನು ತೊಳೆಯುತ್ತಾನೆ. ಸಂಭಾಷಣೆ ಇಲ್ಲವೆಂಬಷ್ಟು ಕಡಿಮೆ; ಒಂದೊಂದು ಕಲೆಯನ್ನೂ ಒರೆಸುವುದನ್ನು ಚಿತ್ರ ಅವಸರವಿಲ್ಲದೆ ತೋರಿಸುತ್ತದೆ. ಶವವನ್ನು ಕಾರಿನಲ್ಲಿಟ್ಟು ಕಾರನ್ನು ಕೆಸರುಹೊಂಡಕ್ಕೆ ತಳ್ಳುತ್ತಾನೆ. ಕಾರು ಮುಳುಗುತ್ತ ಮುಳುಗುತ್ತ ನಡುವೆ ತಟಸ್ಥವಾಗಿ ನಿಲ್ಲುತ್ತದೆ. ನಾರ್ಮನ್ ಅತ್ತ ಇತ್ತ ನೋಡುತ್ತಾನೆ. ಆಗ ಚಿತ್ರಮಂದಿರದಲ್ಲಿ ಕುಳಿತವರೂ ಉಸಿರು ಹಿಡಿಯುತ್ತಾರೆ. ಮತ್ತೆ ಕಾರು ಮುಳುಗಿದಾಗ ಅವರಿಗೂ ನೆಮ್ಮದಿಯಾಗುತ್ತದೆ. ಆ ನೆಮ್ಮದಿ ಯಾರ ಪರವಾದದ್ದು ಎಂದು ಪ್ರೇಕ್ಷಕ ಕೇಳಿಕೊಳ್ಳುವಷ್ಟರಲ್ಲಿ ಅವನು ಕೊಲೆಯನ್ನು ಮುಚ್ಚಿಹಾಕುವವನ ಜೊತೆಗಾರನಾಗಿ ಬಿಟ್ಟಿರುತ್ತಾನೆ. ಚಾಕುವಿನ ಭಯ ಮುಕ್ಕಾಲು ನಿಮಿಷದ್ದು. ಈ ಅಳುಕು ಚಿತ್ರ ಮುಗಿದ ಮೇಲೂ ಇಳಿಯುವುದಿಲ್ಲ.

ಲೆ ದಿಯಾಬೋಲಿಕ್

ಸೈಕೋಕ್ಕಿಂತ ಐದು ವರ್ಷ ಮೊದಲು, ಅಂದರೆ 1955ರಲ್ಲಿ, ಕ್ಲೂಜೊ ನಿರ್ದೇಶಿಸಿದ ‘ಲೆ ದಿಯಾಬೋಲಿಕ್’ ಬಂದಿತ್ತು. ಬುವಾಲೊ ಮತ್ತು ನಾರ್ಸೆಜಾಕ್ ಎಂಬ ಜೋಡಿ ಲೇಖಕರ ಕಾದಂಬರಿ ಅದಕ್ಕೆ ಮೂಲ. ಇದೇ ಜೋಡಿಯ ಇನ್ನೊಂದು ಕಾದಂಬರಿಯಿಂದ ಹಿಚ್‌ಕಾಕ್ 1958ರಲ್ಲಿ ‘ವರ್ಟಿಗೊ’ ಮಾಡಿದರು.

ಒಂದು ವಸತಿಶಾಲೆಯ ಕ್ರೂರ ಮುಖ್ಯೋಪಾಧ್ಯಾಯನನ್ನು ಅವನ ಹೃದ್ರೋಗಿ ಹೆಂಡತಿ ಮತ್ತು ಅವನ ಪ್ರೇಯಸಿ ಸೇರಿ ಕೊಲ್ಲುತ್ತಾರೆ. ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿದ ದೇಹವನ್ನು ತಂದು ಶಾಲೆಯ ಪಾಚಿಗಟ್ಟಿದ ಈಜುಕೊಳಕ್ಕೆ ಹಾಕುತ್ತಾರೆ. ದೇಹ ತಾನಾಗಿ ತೇಲಿ ಬಂದರೆ ಅಪಘಾತವೆನ್ನಿಸಬಹುದು ಎಂಬುದು ಲೆಕ್ಕಾಚಾರ. ದಿನಗಳು ಕಳೆದರೂ ದೇಹ ತೇಲುವುದಿಲ್ಲ. ಕೊನೆಗೆ ನೀರು ಖಾಲಿ ಮಾಡಿಸಿದರೆ ತಳದಲ್ಲಿ ಏನೂ ಇಲ್ಲ. ಸತ್ತಾಗ ಅವನು ತೊಟ್ಟಿದ್ದ ಉಡುಪು ಬಟ್ಟೆ ಒಗೆಯುವ ಅಂಗಡಿಯಿಂದ ಇಸ್ತ್ರಿಯಾಗಿ ಮರಳುತ್ತದೆ. ಮುಖ್ಯೋಪಾಧ್ಯಾಯರೇ ತನಗೆ ಶಿಕ್ಷೆ ಕೊಟ್ಟರೆಂದು ಹುಡುಗನೊಬ್ಬ ಹೇಳುತ್ತಾನೆ.

ಇದರ ಮುಂದಿನ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ಅಂತ್ಯವನ್ನು ಸ್ನೇಹಿತರಿಗೆ ತಿಳಿಸಬೇಡಿ ಎಂಬ ವಿನಂತಿ ಚಿತ್ರದ ಕೊನೆಯಲ್ಲಿ ತೆರೆಯ ಮೇಲೆಯೇ ಬರುತ್ತದೆ. ಎಪ್ಪತ್ತು ವರ್ಷಗಳ ಬಳಿಕವೂ ಅದು ಪಾಲಿಸಲು ಯೋಗ್ಯವಾದ ವಿನಂತಿ. ಹೆಂಡತಿಯ ಪಾತ್ರದಲ್ಲಿ ನಿರ್ದೇಶಕರ ಪತ್ನಿ ವೆರಾ ಕ್ಲೂಜೊ, ಪ್ರೇಯಸಿಯಾಗಿ ಸಿಮೊನ್ ಸಿನ್ಯೊರೆ ನಟಿಸಿದ್ದಾರೆ. ವೆರಾ 1960ರಲ್ಲಿ ಹೃದಯಾಘಾತದಿಂದಲೇ ತೀರಿಕೊಂಡರೆಂಬುದು ತಿಳಿದವರಿಗೆ, ಎದೆ ಒತ್ತಿಕೊಂಡು ಕತ್ತಲ ಪಡಸಾಲೆಯಲ್ಲಿ ನಡೆಯುವ ಅವರನ್ನು ನೋಡುವುದು ಸುಲಭವಲ್ಲ.

ದಿ ಎಕ್ಸಾರ್ಸಿಸ್ಟ್ ಮತ್ತು ರಿಂಗು

ವಿಲಿಯಂ ಫ್ರೀಡ್‌ಕಿನ್ ನಿರ್ದೇಶನದ ‘ದಿ ಎಕ್ಸಾರ್ಸಿಸ್ಟ್’ 1973ರ ಚಿತ್ರ. ಹತ್ತು ಆಸ್ಕರ್ ನಾಮನಿರ್ದೇಶನ ಪಡೆದು, ಚಿತ್ರಕಥೆ ಮತ್ತು ಧ್ವನಿಗಾಗಿ ಎರಡನ್ನು ಗೆದ್ದಿತು. ಮೈಮೇಲೆ ಪಿಶಾಚಿ ಬಂದ ಬಾಲಕಿಯ ಕೋಣೆ ಕೊರೆಯುವಂತಿರಬೇಕೆಂದು ಸೆಟ್ಟನ್ನೇ ಶೀತಲಗೊಳಿಸಲಾಯಿತು. ತೆರೆಯ ಮೇಲೆ ಕಾಣುವ ಉಸಿರಿನ ಹಬೆ ನಿಜವಾದದ್ದು. ಪಿಶಾಚಿಯ ದನಿ ನಟಿ ಮರ್ಸಿಡಿಸ್ ಮ್ಯಾಕೆಂಬ್ರಿಜ್ ಅವರದು. ತಿರುಗುವ ತಲೆ ಮತ್ತು ಹಸಿರು ವಾಂತಿಯನ್ನು ಎಲ್ಲರೂ ನೆನಪಿಡುತ್ತಾರೆ. ಅವು ಬೀಭತ್ಸದ ವಿಭಾಗಕ್ಕೆ ಸೇರಿದವು. ಚಿತ್ರದ ಭಯಾನಕ ರಸ ಇರುವುದು ಪಾದ್ರಿ ಕಾರಸ್‌ನಲ್ಲಿ. ಅವನ ಬಡ ತಾಯಿ ನ್ಯೂಯಾರ್ಕಿನಲ್ಲಿ ಒಂಟಿಯಾಗಿ ಸತ್ತಿದ್ದಾಳೆ, ಕೊನೆಗಾಲದಲ್ಲಿ ಅವನು ಹತ್ತಿರವಿರಲಿಲ್ಲ. ಪಿಶಾಚಿಗೆ ಇದು ಗೊತ್ತು. ಅದು ತಾಯಿಯ ದನಿಯಲ್ಲೇ ಅವನನ್ನು ಮಾತನಾಡಿಸುತ್ತದೆ.

ಹಿಡಿಯೊ ನಕಾಟಾ ಅವರ 1998ರ ಜಪಾನಿ ಚಿತ್ರ ‘ರಿಂಗು’ ಈ ಬಗೆಯ ಭಯವನ್ನು ಸಂಪೂರ್ಣ ಹೊಸ ಯಂತ್ರಕ್ಕೆ ಜೋಡಿಸಿತು. ಕೋಜಿ ಸುಜುಕಿ ಅವರ 1991ರ ಕಾದಂಬರಿಯಿಂದ ಹುಟ್ಟಿದ ಈ ಕಥೆಯಲ್ಲಿ ಒಂದು ವಿಡಿಯೊ ಕ್ಯಾಸೆಟ್ ಇದೆ. ಅದನ್ನು ನೋಡಿದವರಿಗೆ ದೂರವಾಣಿ ಕರೆ ಬರುತ್ತದೆ. ಏಳು ದಿನಗಳಲ್ಲಿ ಅವರು ಸಾಯುತ್ತಾರೆ. ಬಾವಿಯಿಂದೆದ್ದು ದೂರದರ್ಶನದ ಪರದೆಯನ್ನು ದಾಟಿ ಬರುವ ಸಡಾಕೊ ಎಂಬ ಪ್ರೇತದ ವಿಚಿತ್ರ ನಡಿಗೆಗಾಗಿ ನಟಿಯನ್ನು ಹಿಮ್ಮುಖವಾಗಿ ನಡೆಸಿ, ಆ ಚಿತ್ರಿಕೆಯನ್ನು ತಿರುಗುಮುರುಗಾಗಿ ಓಡಿಸಲಾಯಿತು. ಚಿತ್ರವನ್ನು ನೋಡಲಿರುವವರು ಮುಂದಿನ ಎರಡು ವಾಕ್ಯಗಳನ್ನು ಬಿಡಬಹುದು. ಬದುಕುವ ದಾರಿ ಒಂದೇ: ಕ್ಯಾಸೆಟ್ಟಿನ ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸುವುದು. ಮಗನನ್ನು ಉಳಿಸಿಕೊಳ್ಳಲು ಕಥಾನಾಯಕಿ ಕ್ಯಾಸೆಟ್ ಹಿಡಿದು ತನ್ನ ತಂದೆಯ ಮನೆಯ ಕಡೆ ಕಾರು ತಿರುಗಿಸುತ್ತಾಳೆ. ಆ ಕ್ಯಾಸೆಟ್ಟಿನ ದೃಶ್ಯಗಳನ್ನು ಪ್ರೇಕ್ಷಕರಿಗೂ ತೋರಿಸಲಾಗಿದೆ ಎಂಬುದನ್ನು ಮರೆಯಬಾರದು.

ಕನ್ನಡದಲ್ಲಿ

ಭಾರತೀಯ ಚಿತ್ರಗಳಲ್ಲಿ ಈ ಪ್ರಕಾರದ ಆರಂಭಿಕ ಮೈಲಿಗಲ್ಲು ಕಮಾಲ್ ಅಮ್ರೋಹಿ ಅವರ ‘ಮಹಲ್’ (1949). ಕನ್ನಡದಲ್ಲಿ ಕಾಶೀನಾಥ್ ಅವರ ‘ಅಪರಿಚಿತ’ (1978) ಮತ್ತು ಅನಂತ್ ನಾಗ್, ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ (1979) ಒಂದರ ಹಿಂದೊಂದು ಬಂದವು. ಎರಡೂ 1981ರಲ್ಲಿ ಹಿಂದಿಗೆ ಹೋದವು: ಮೊದಲನೆಯದು ‘ಬೇಶಕ್’ ಆಗಿ, ಎರಡನೆಯದು ‘ಮಂಗಳಸೂತ್ರ’ವಾಗಿ. ಕಾಶೀನಾಥ್ ಗರಡಿಯಲ್ಲಿ ಪಳಗಿದ ಉಪೇಂದ್ರ 1993ರಲ್ಲಿ ‘ಶ್!’ ನಿರ್ದೇಶಿಸಿದರು. ಅದೇ ವರ್ಷದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ 2004ರಲ್ಲಿ ಪಿ. ವಾಸು ಅವರ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ಬಂದಾಗ, ನಾಗವಲ್ಲಿಯ ಪಾತ್ರದಲ್ಲಿ ಜೀವ ತುಂಬಿದ ಸೌಂದರ್ಯ ಈ ಲೋಕದಲ್ಲಿರಲಿಲ್ಲ, ಚಿತ್ರ ತೆರೆ ಕಾಣುವ ಕೆಲವೇ ತಿಂಗಳ ಹಿಂದೆ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

ಅಪರಾಧದ ಭಯವೆಂಬ ಅಳತೆಗೋಲಿನಲ್ಲಿ ಕನ್ನಡದ ಅಗ್ರಸ್ಥಾನ ಪವನ್ ಕುಮಾರ್ ಅವರ ‘ಯು ಟರ್ನ್’ (2016) ಚಿತ್ರಕ್ಕೆ ಸಲ್ಲಬೇಕು. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ನಡುವೆ ಜೋಡಿಸಿಟ್ಟ ಕಲ್ಲುಗಳನ್ನು ಸರಿಸಿ, ಕೆಲವು ನಿಮಿಷ ಉಳಿಸಲು ದ್ವಿಚಕ್ರ ಸವಾರರು ಅಡ್ಡದಾರಿಯಲ್ಲಿ ತಿರುಗುತ್ತಾರೆ. ಸರಿಸಿದ ಕಲ್ಲು ರಸ್ತೆಯ ಮಧ್ಯದಲ್ಲೇ ಉಳಿಯುತ್ತದೆ. ಪತ್ರಿಕಾ ಕಚೇರಿಯಲ್ಲಿ ತರಬೇತಿ ಪಡೆಯುತ್ತಿರುವ ರಚನಾ, ಹೀಗೆ ತಿರುಗಿದವರ ವಾಹನ ಸಂಖ್ಯೆಗಳ ಬೆನ್ನು ಹತ್ತಿ ಹೋಗುತ್ತಾಳೆ. ಶ್ರದ್ಧಾ ಶ್ರೀನಾಥ್ ಆ ಪಾತ್ರ ವಹಿಸಿದ್ದಾರೆ. ಆ ಸಂಖ್ಯೆಗಳ ಒಡೆಯರು ಒಬ್ಬೊಬ್ಬರಾ‌ಗಿ ಸತ್ತಿರುವುದು ಬಯಲಾಗುತ್ತದೆ.

ಸೈಕೋದ ಪ್ರೇಕ್ಷಕ ಕಾರು ಮುಳುಗಿದಾಗ ಕ್ಷಣಕಾಲ ಪಾಲುದಾರನಾದರೆ, ಯು ಟರ್ನ್ ನೋಡುವ ನಗರವಾಸಿ ಚಿತ್ರಮಂದಿರಕ್ಕೆ ಬರುವ ದಾರಿಯಲ್ಲೇ ಅಂಥದೊಂದು ಸಣ್ಣ ತಪ್ಪು ಮಾಡಿ ಬಂದಿರುವ ಸಾಧ್ಯತೆ ಇದೆ. ಕೆಂಪು ದೀಪ ದಾಟುವುದು, ಏಕಮುಖ ರಸ್ತೆಯಲ್ಲಿ ಎದುರಾಗಿ ಬರುವುದು, ಕಾಲುದಾರಿಯ ಮೇಲೆ ಸ್ಕೂಟರ್ ಹತ್ತಿಸುವುದು ಇವನ್ನೆಲ್ಲ ಯಾರೂ ಪಾಪವೆಂದು ಎಣಿಸುವುದಿಲ್ಲ. ಅಷ್ಟು ಸಣ್ಣದೊಂದು ಕೆಲಸದ ಆಚೆ ತುದಿಯಲ್ಲಿ ಯಾರದೋ ಸಾವು ಇರಬಹುದು ಎಂಬುದೇ ಇಲ್ಲಿನ ಹೆದರಿಕೆ. ಈ ಕಥೆ ಮಲಯಾಳಂ, ತಮಿಳು, ತೆಲುಗು, ಹಿಂದಿಗಳಿಗಷ್ಟೇ ಅಲ್ಲದೆ ಫಿಲಿಪೀನ್ಸ್‌ಗೂ ಹೋಗಿ ಮರುನಿರ್ಮಾಣಗೊಂಡಿತು. ಸರಿಸಬಹುದಾದ ಕಲ್ಲುಗಳು ಎಲ್ಲ ಊರುಗಳಲ್ಲೂ ಇವೆ.

ಚಿತ್ರಮಂದಿರದ ಹೊರಗಿನ ಉಪಯೋಗ

ಭಯ ಹುಟ್ಟಿಸುವ ಚಿತ್ರತಂತ್ರ ಮನರಂಜನೆಯ ಆಚೆಗೂ ಬಳಕೆಯಾಗಿದೆ. ಬ್ರಿಟನ್ ಸರ್ಕಾರದ ಮಾಹಿತಿ ಇಲಾಖೆ 1973ರಲ್ಲಿ ‘ಲೋನ್ಲಿ ವಾಟರ್’ ಎಂಬ ಕಿರುಚಿತ್ರ ಮಾಡಿಸಿ ದೂರದರ್ಶನದಲ್ಲಿ ಪ್ರಸಾರ ಮಾಡಿತು. ಕಪ್ಪು ನಿಲುವಂಗಿಯ, ಮುಖವಿಲ್ಲದ ಆಕೃತಿಯೊಂದು ಕೆರೆ-ಹೊಂಡಗಳ ಬಳಿ ನಿಂತು ಎಚ್ಚರಿಕೆಯಿಲ್ಲದ ಮಕ್ಕಳಿಗಾಗಿ ಕಾಯುತ್ತದೆ. ಮಕ್ಕಳು ನೀರಿಗೆ ಬಿದ್ದು ಸಾಯುವುದನ್ನು ತಡೆಯುವುದು ಅದರ ಉದ್ದೇಶ. ಅದಕ್ಕೆ ದನಿ ಕೊಟ್ಟ ಡೊನಾಲ್ಡ್ ಪ್ಲೆಸೆನ್ಸ್ ಐದು ವರ್ಷಗಳ ಬಳಿಕ ಹ್ಯಾಲೋವೀನ್ ಚಿತ್ರದಲ್ಲಿ ವೈದ್ಯನ ಪಾತ್ರ ಮಾಡಿದರು. ಮನೋವಿಜ್ಞಾನದ ಪ್ರಯೋಗಗಳಲ್ಲಿಯೂ ಭಾವಗಳನ್ನು ಉದ್ದೀಪಿಸಲು ಚಿತ್ರಗಳ ತುಣುಕುಗಳನ್ನು ಬಳಸುತ್ತಾರೆ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ 1995ರಲ್ಲಿ ಪ್ರಕಟಿಸಿದ ಅಂಥ ತುಣುಕುಗಳ ಸಂಗ್ರಹದಲ್ಲಿ ಭಯಕ್ಕಾಗಿ ಆರಿಸಿದ್ದು ‘ದಿ ಶೈನಿಂಗ್’ ಮತ್ತು ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಚಿತ್ರಗಳ ದೃಶ್ಯಗಳನ್ನು.

ನೋಡುವ ಕ್ರಮ

ಈ ಪ್ರಕಾರಕ್ಕೆ ಹೊಸಬರಾದವರು ಜಾಸ್‌ನಿಂದ ಆರಂಭಿಸಿ ಯು ಟರ್ನ್‌ಗೆ ಬರುವುದು ಒಳ್ಳೆಯದು. ಎರಡರಲ್ಲೂ ಕಥೆ ಕೈಹಿಡಿದು ನಡೆಸುತ್ತದೆ. ಬಳಿಕ ಸೈಕೋ ಮತ್ತು ಲೆ ದಿಯಾಬೋಲಿಕ್ ಅನ್ನು ಹತ್ತಿರ ಹತ್ತಿರದ ದಿನಗಳಲ್ಲಿ ನೋಡಿದರೆ ಎರಡು ಸ್ನಾನದ ಮನೆಗಳ ನಡುವಣ ಸಂಬಂಧ ತಾನೇ ತಿಳಿಯುತ್ತದೆ. ದಿ ಹಾಂಟಿಂಗ್ ಅನ್ನು ಮೊಬೈಲಿನಲ್ಲಿ ನೋಡಬಾರದು. ಅದರ ಅರ್ಧ ಭಾಗ ಗೋಡೆಯಾಚೆಯ ಶಬ್ದದಲ್ಲಿದೆ. ದೀಪ ಆರಿಸಿದ ಕೋಣೆ, ಒಳ್ಳೆಯ ಧ್ವನಿವರ್ಧಕ ಅಥವಾ ಹೆಡ್‌ಫೋನ್ ಬೇಕು. ರಿಂಗು ಚಿತ್ರವನ್ನು ಅದರ 2002ರ ಅಮೆರಿಕನ್ ರೂಪಕ್ಕಿಂತ ಮೊದಲು ನೋಡಬೇಕು, ಉಪಶೀರ್ಷಿಕೆ ಓದುವ ಶ್ರಮವಿದ್ದರೂ ಸರಿ. ದಿ ಎಕ್ಸಾರ್ಸಿಸ್ಟ್ ಕೊನೆಯಲ್ಲಿರಲಿ. ಅದು ಮಕ್ಕಳಿರುವ ಮನೆಯಲ್ಲಿ ಹಗಲು ಹೊತ್ತು ಹಾಕುವ ಚಿತ್ರವಲ್ಲ. ಭಾರತದಲ್ಲಿ ‘ಎ’ ಪ್ರಮಾಣಪತ್ರ 18 ತುಂಬಿದವರಿಗೆ ಮಾತ್ರ. ‘ಯು/ಎ’ ವಿಭಾಗವನ್ನು 2024ರಿಂದ 7, 13 ಮತ್ತು 16 ವರ್ಷಗಳೆಂದು ಮೂರಾಗಿ ಒಡೆಯಲಾಗಿದೆ. ಮಗುವಿನ ಜೊತೆ ಕೂರುವ ಮುನ್ನ ಆ ಅಂಕಿಯನ್ನು ನೋಡಿಕೊಳ್ಳುವುದು ಹಿರಿಯರ ಕೆಲಸ.